ಕಲಾಯಿ ಹಾಕಿಸಿದರೂ ಬಸ್ಸಾರು ಕಹಿ

ಕೋಲಾರದ ನಮ್ಮ ಕ್ಲಿನಿಕ್ಕಿಗೆ ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. "ಡಾಕ್ಟ್ರೇ, ನಾಲ್ಕು ದಿನದಿಂದ ತಾಮ್ರ ನೆಕ್ಕಿದ ಹಾಗಿದೆ. ಬಸ್ಸಾರು ಕಹಿ, ಕಾಫಿ ಕಹಿ, ಬಾಳೆಹಣ್ಣೂ ಕಹಿ!" ಮೊದಲು ಬೋರ್ ನೀರಿನ ಮೇಲೆ ಅನುಮಾನಪಟ್ಟು ಕ್ಯಾನ್ ನೀರು ತರಿಸಿದ್ದರು. ಆಮೇಲೆ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿದ್ದರು. ಅದೇ ಸಾರು ಉಂಡ ಮನೆಯವರಿಗೆ ಮಾತ್ರ ಏನೂ ಆಗಿಲ್ಲ.

ನಾಲಿಗೆ ಚೆನ್ನಾಗೇ ಇತ್ತು. ನೆಗಡಿ, ಜ್ವರ ಇಲ್ಲ. ಭೇದಿಗೆ ಕೊಡುವ ಮೆಟ್ರೊನಿಡಜೋಲ್, ಶುಗರಿನ ಮೆಟ್‌ಫಾರ್ಮಿನ್ ಕೂಡ ಬಾಯಿಗೆ ಲೋಹದ ರುಚಿ ತರುತ್ತವೆ. ಅವನ್ನೂ ಇವರು ತಗೊಳ್ಳುತ್ತಿರಲಿಲ್ಲ. ಕಹಿ ಶುರುವಾದ ದಿನದ ಊಟ ಬಿಡಿ, ಅದರ ಹಿಂದಿನ ಎರಡು ದಿನ ಏನು ತಿಂದಿರಿ ಅಂದೆ. ಬೆಂಗಳೂರಿನಿಂದ ಮಗಳು ತಂದ ಪೈನ್ ನಟ್, ಅಂದರೆ ಪೈನ್ ಮರದ ಬೀಜ, ನೆನಪಾಯಿತು. ಟಿವಿ ನೋಡುತ್ತಾ ಒಂದು ಹಿಡಿ ತಿಂದಿದ್ದರು. ರುಚಿಯಾಗೇ ಇತ್ತಂತೆ!

ಮೋಸ ಹೋಗುವುದು ಇಲ್ಲೇ. ಕೆಲವು ಪೈನ್ ನಟ್ ಬಾಯಿ ಕಹಿ ಮಾಡುತ್ತವೆ, ಆದರೆ ತಿಂದಾಗ ಏನೂ ಗೊತ್ತಾಗುವುದಿಲ್ಲ. 12ರಿಂದ 48 ಗಂಟೆ ಕಳೆದ ಮೇಲೆ ಕಹಿ ಏಳುತ್ತದೆ, ಏನಾದರೂ ತಿಂದರೆ ಜಾಸ್ತಿಯಾಗುತ್ತದೆ. ಪಾಪ, ಬೈಗುಳ ಮಾತ್ರ ಅವತ್ತಿನ ಸಾರಿಗೆ. ಇದನ್ನು 2001ರಲ್ಲಿ ಬೆಲ್ಜಿಯಂನಲ್ಲಿ ಮೊದಲು ವರದಿ ಮಾಡಿದರು. ಹೆಚ್ಚಾಗಿ ಬೆರಳು ತೋರಿಸುವುದು ಚೀನಾದ 'ಪೈನಸ್ ಅರ್ಮಾಂಡಿ' ಮರದ ಬೀಜದ ಕಡೆಗೆ. ತಿಂದವರಿಗೆಲ್ಲ ಆಗುವುದೂ ಇಲ್ಲ.

ಸಂಜೆ ಮೇಷ್ಟ್ರು ಪೊಟ್ಟಣ ತಂದು ಮೇಜಿನ ಮೇಲೆ ಸುರಿದರು. ಗಿಡ್ಡ, ದಪ್ಪ, ಹೊಳಪಿಲ್ಲದ ಬೀಜಗಳು. ಹಿಮಾಚಲದ ಕಿನ್ನೌರಿನ ಪೈನ್ ಬೀಜ ಚಿಲ್ಗೋಜಾ ಹಾಗಲ್ಲ, ಉದ್ದಕ್ಕೆ, ಸಪೂರವಾಗಿರುತ್ತದೆ. ಆದರೆ ಆಕಾರ ನೋಡಿಯೇ ತೀರ್ಪು ಕೊಡುವ ಧೈರ್ಯ ನನಗಿಲ್ಲ, ಪೊಟ್ಟಣದಲ್ಲಿ ಬೆರಕೆಯೂ ಇರಬಹುದು.

ಇದಕ್ಕೆ ಮಾತ್ರೆ ಇಲ್ಲ. ಎರಡು ವಾರ, ಕೆಲವರಿಗೆ ನಾಲ್ಕು ವಾರ, ತಾನಾಗೇ ಹೋಗುತ್ತದೆ. ಸುಮ್ನೆ ಸ್ಕ್ಯಾನಿಂಗಿಗೆ ದುಡ್ಡು ಸುರಿಯಬೇಡಿ. ಆದರೆ ಬೀಜ ತಿಂದ ಸ್ವಲ್ಪ ಹೊತ್ತಿಗೇ ತುಟಿ ಊದಿತು, ಮೈಯೆಲ್ಲ ದದ್ದು ಎದ್ದಿತು, ಉಸಿರು ಕಟ್ಟಿತು ಅಂದರೆ ಅದು ಅಲರ್ಜಿ. ಆಗ ನನ್ನಂಥ ಸಣ್ಣ ಕ್ಲಿನಿಕ್ ಹುಡುಕುತ್ತಾ ಕೂರದೆ ನೇರ ದೊಡ್ಡಾಸ್ಪತ್ರೆಗೆ ಓಡಬೇಕು.

ಮೂರನೇ ವಾರ ಬಿಪಿ ನೋಡಿಸಲು ಬಂದ ಮೇಷ್ಟ್ರಿಗೆ ಕಾಫಿ ಮತ್ತೆ ಕಾಫಿಯಾಗಿತ್ತು. ಮನೆಯವರು ಮಾತ್ರ, ಕಲಾಯಿ ಹಾಕಿಸಿದ್ದಕ್ಕೇ ಸರಿಹೋಯಿತು ಅನ್ನುತ್ತಿದ್ದಾರಂತೆ.