ಪದ ಪರಿಚಯ: ಆರೈಕೆದಾರರ ಭತ್ಯೆ

ಅಂಗವಿಕಲರ ಮಾಸಾಶನ ಅಂದರೆ ಎಲ್ಲರಿಗೂ ಗೊತ್ತು. ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು, ಮಂಜೂರಾದರೆ ತಿಂಗಳು ತಿಂಗಳು ಖಾತೆಗೆ ದುಡ್ಡು ಬರುತ್ತದೆ. ನಮ್ಮ ರಾಜ್ಯದಲ್ಲಿ ವೈಕಲ್ಯ ಶೇ. 40ರಿಂದ 75ರವರೆಗೆ ಇದ್ದರೆ 800 ರೂಪಾಯಿ, ಅದಕ್ಕಿಂತ ಜಾಸ್ತಿ ಇದ್ದರೆ 1,400 ರೂಪಾಯಿ. ಈ ಹಣ ಮಂಜೂರಾಗುವುದು ವೈಕಲ್ಯ ಇರುವವರಿಗೆ. ಅವರನ್ನು ನೋಡಿಕೊಳ್ಳೋಕೆ ಅಂತ ಕೂಲಿ ಬಿಟ್ಟು, ಕೆಲಸ ಬಿಟ್ಟು ಮನೆಯಲ್ಲೇ ಉಳಿದವರು ಇನ್ನೊಬ್ಬರು ಇರುತ್ತಾರೆ, ಅಲ್ವಾ? ಅವರಿಗೆಂದು ಕೊಡುವ ಹಣವೇ ಆರೈಕೆದಾರರ ಭತ್ಯೆ.

ಆರೈಕೆದಾರರು ಯಾರು ಅನ್ನುವುದನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೇ ಹೇಳಿದೆ. ಅಪ್ಪ, ಅಮ್ಮ, ಮನೆಯ ಬೇರೆ ಯಾರಾದರೂ, ಹೊರಗಿನವರೂ ಆಗಬಹುದು. ಸಂಬಳ ಪಡೆದು ಮಾಡಿದರೂ ಆರೈಕೆದಾರರೇ, ಸಂಬಳವಿಲ್ಲದೆ ಮಾಡಿದರೂ ಆರೈಕೆದಾರರೇ. ಈ ಎರಡನೆಯ ಮಾತು ನನಗೆ ಬಹಳ ಮುಖ್ಯ ಅನಿಸುತ್ತದೆ. ‘ತಾಯಿ ಅಂದಮೇಲೆ ಮಾಡಲೇಬೇಕು’ ಅಂತ ನಾವು ಸುಲಭವಾಗಿ ಹೇಳಿಬಿಡುವ ದುಡಿಮೆಯನ್ನು ಕಾನೂನು ಆರೈಕೆ ಎಂದು ಗುರುತಿಸಿದೆ.

ಆ ದುಡಿಮೆ ಎಷ್ಟು ಅಂತ ಹತ್ತಿರದಿಂದ ನೋಡಿದವರಿಗೇ ಗೊತ್ತು. ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ ಇರುವ ಹದಿನಾಲ್ಕು ವರ್ಷದ ಮಗನನ್ನು ನೆನೆಸಿಕೊಳ್ಳಿ. ಬೆಳಿಗ್ಗೆ ಅವನನ್ನು ಎತ್ತಿ ಬಚ್ಚಲಿಗೆ ಒಯ್ಯಬೇಕು. ಮೈ ಸೆಟೆದುಕೊಂಡಿರುತ್ತದೆ, ಅಂಗಿಯ ತೋಳಿಗೆ ಕೈ ತೂರಿಸುವುದಕ್ಕೇ ಹೊತ್ತು ಹಿಡಿಯುತ್ತದೆ. ಅನ್ನವನ್ನು ನುಣ್ಣಗೆ ಮಿದ್ದು, ತಲೆ ಸ್ವಲ್ಪ ಎತ್ತಿ ಹಿಡಿದು, ಗಂಟಲಿಗೆ ಸಿಕ್ಕಿಕೊಳ್ಳದ ಹಾಗೆ ತುತ್ತು ತುತ್ತಾಗಿ ಕೊಡಬೇಕು. ಮಧ್ಯಾಹ್ನ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಹಾಗೆ ಕಾಲು ಎಳೆದು ವ್ಯಾಯಾಮ ಮಾಡಿಸಬೇಕು. ರಾತ್ರಿ ಮಲಗಿದಲ್ಲೇ ಹುಣ್ಣಾಗಬಾರದು ಅಂತ ಎದ್ದು ಎದ್ದು ಮಗ್ಗುಲು ಬದಲಿಸಬೇಕು. ಮಗ ಬೆಳೆದಷ್ಟೂ ತೂಕ ಹೆಚ್ಚುತ್ತದೆ, ಅಮ್ಮನ ಸೊಂಟ ಸವೆಯುತ್ತದೆ. ಇಂಥ ಮನೆಯಿಂದ ಇಬ್ಬರೂ ದುಡಿಯಲು ಹೋಗುವುದು ಸಾಧ್ಯವೇ ಇಲ್ಲ.

ಹೀಗೆ ದಿನದ ಎಲ್ಲ ಕೆಲಸಕ್ಕೂ ಇನ್ನೊಬ್ಬರ ನೆರವು ಬೇಕಾಗುವುದನ್ನು ಕಾಯ್ದೆ ‘ಅಧಿಕ ಬೆಂಬಲದ ಅಗತ್ಯ’ ಅನ್ನುತ್ತದೆ. ಅಂಥವರಿಗೆ ಆರೈಕೆದಾರರ ಭತ್ಯೆಯ ಯೋಜನೆ ಇರಬೇಕು ಎಂದು 24ನೇ ಸೆಕ್ಷನ್ ಹೇಳುತ್ತದೆ. ಆದರೆ ಸರ್ಕಾರ ತನ್ನ ಆರ್ಥಿಕ ಶಕ್ತಿಯ ಮಿತಿಯಲ್ಲಿ ಕೊಟ್ಟರೆ ಸಾಕು ಅನ್ನುವ ಮಾತೂ ಅದರಲ್ಲೇ ಸೇರಿದೆ. ಹಾಗಾಗಿ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಕೇರಳದ ‘ಆಶ್ವಾಸಕಿರಣಂ’ ಯೋಜನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ ನಿಗದಿಯಾಗಿದೆ. ಕರ್ನಾಟಕ 2024-25ರ ಬಜೆಟ್‌ನಲ್ಲಿ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ಇದು.

ಸಾವಿರ ರೂಪಾಯಿ ಅಂದರೆ ದಿನಕ್ಕೆ 33 ರೂಪಾಯಿ. ಒಂದು ದಿನದ ಕೂಲಿಯ ಹತ್ತಿರಕ್ಕೂ ಬರುವುದಿಲ್ಲ. ಕಡಿಮೆ ಆಯಿತು ಅಂತ ನಾವು ಗಟ್ಟಿಯಾಗಿಯೇ ಹೇಳಬೇಕು. ನಾಲ್ಕೇ ಕಾಯಿಲೆ ಯಾಕೆ, ತೀವ್ರ ಆಟಿಸಂ ಇರುವ ಮಗುವಿನ ಅಮ್ಮ ಯಾಕಿಲ್ಲ ಅಂತಲೂ ಕೇಳಬೇಕು. ಹಾಗಂತ ಸಿಗುವುದನ್ನು ಬಿಡಬಾರದು. ಮಾಸಾಶನ ಬರುತ್ತಿದೆಯಲ್ಲ, ಮುಗಿಯಿತು ಅಂತ ಎಷ್ಟೋ ಮನೆಗಳು ಸುಮ್ನೆ ಕೂತುಬಿಡುತ್ತವೆ. ಕುಟುಂಬಕ್ಕೆ ಸಿಗುವ ನೆರವು ಬೇರೆ ಬೇರೆ ಇಲಾಖೆಗಳಲ್ಲಿ ಚದುರಿಹೋಗಿದೆ. ಒಂದು ಕಚೇರಿಯವರು ಇನ್ನೊಂದರ ಬಗ್ಗೆ ಹೇಳುವುದು ಕಡಿಮೆ. ನಾವೇ ಕೇಳಬೇಕು.

ಎಲ್ಲಕ್ಕೂ ಮೊದಲು ಬೇಕಾಗುವುದು ಯುಡಿಐಡಿ ಕಾರ್ಡ್, ಅಂದರೆ ವೈಕಲ್ಯ ಇರುವವರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ವೈಕಲ್ಯ ಶೇ. 40ರಿಂದ 80ರೊಳಗೆ ಇದ್ದರೆ ಹಳದಿ, 80 ಮತ್ತು ಮೇಲಿದ್ದರೆ ನೀಲಿ. ಈ 40 ಮತ್ತು 80ರ ಗೆರೆ ತೆರಿಗೆಯಲ್ಲೂ ಬರುತ್ತದೆ. ಅವಲಂಬಿತರಲ್ಲಿ ವೈಕಲ್ಯ ಇರುವವರಿದ್ದರೆ 80ಡಿಡಿ ಎಂದು ಹೆಸರಾದ ವಿನಾಯಿತಿಯಲ್ಲಿ 75,000 ರೂಪಾಯಿ, ತೀವ್ರ ವೈಕಲ್ಯವಾದರೆ 1,25,000 ರೂಪಾಯಿ ಆದಾಯದಿಂದ ಕಳೆಯಬಹುದು. ಖರ್ಚು ಕಡಿಮೆ ಆಗಿದ್ದರೂ ಪೂರ್ತಿ ಮೊತ್ತವೇ ಸಿಗುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಅಥವಾ ಬಹುವಿಧ ವೈಕಲ್ಯ ಇದ್ದರೆ ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ವಿಮೆಯನ್ನು ಮರೆಯಬೇಡಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ವಿಮೆ. ಸೇರುವ ಮುಂಚೆ ವೈದ್ಯಕೀಯ ಪರೀಕ್ಷೆ ಇಲ್ಲ. ಆಸ್ಪತ್ರೆಗೆ ಸೇರಿದರೆ ಮಾತ್ರ ಅಂತಲ್ಲ, ಥೆರಪಿಯ ಖರ್ಚಿಗೂ ಮಿತಿಯೊಳಗೆ ಹಣ ಸಿಗುತ್ತದೆ. ವಾರ ವಾರ ಸ್ಪೀಚ್ ಥೆರಪಿಗೆ ಓಡಾಡುವ ಮನೆಗೆ ಇದರ ಬೆಲೆ ಗೊತ್ತಾಗುತ್ತದೆ. ರೈಲಿನಲ್ಲಿ ಒಬ್ಬರೇ ಓಡಾಡಲಾಗದವರ ಜೊತೆ ಹೋಗುವ ಒಬ್ಬರಿಗೂ ಟಿಕೆಟ್ ರಿಯಾಯಿತಿ ಇದೆ, ಅದಕ್ಕೆ ರೈಲ್ವೆಯ ರಿಯಾಯಿತಿ ಕಾರ್ಡ್ ಮಾಡಿಸಿಕೊಳ್ಳಬೇಕು. ಕೇಂದ್ರ ಸರ್ಕಾರಿ ನೌಕರರಾಗಿದ್ದರೆ, ವೈಕಲ್ಯ ಇರುವ ಅವಲಂಬಿತರನ್ನು ನೋಡಿಕೊಳ್ಳುತ್ತಿರುವ ಕಾರಣ ಕೊಟ್ಟು ವಾಡಿಕೆಯ ವರ್ಗಾವಣೆಯಿಂದ ವಿನಾಯಿತಿ ಕೇಳಬಹುದು.

ಅಪ್ಪ ಅಮ್ಮಂದಿರಿಗೆ ನಿದ್ದೆ ಕೆಡಿಸುವ ಪ್ರಶ್ನೆ ಬೇರೆಯೇ ಇದೆ: ನಾವು ಹೋದಮೇಲೆ ಇವನ ಗತಿ ಏನು? ಇದಕ್ಕೂ ಸ್ವಲ್ಪ ದಾರಿ ಇದೆ, ಆದರೆ ಮೊದಲೇ ಮಾಡಿಟ್ಟುಕೊಳ್ಳಬೇಕು. ಪಿಎಫ್ ಕಟ್ಟುವ ಖಾಸಗಿ ನೌಕರರು ತೀರಿಕೊಂಡರೆ ಮಕ್ಕಳಿಗೆ ಸಿಗುವ ಪಿಂಚಣಿ ಸಾಮಾನ್ಯವಾಗಿ 25 ವರ್ಷಕ್ಕೆ ನಿಲ್ಲುತ್ತದೆ. ಪೂರ್ಣ ಮತ್ತು ಶಾಶ್ವತ ವೈಕಲ್ಯ ಇರುವ ಮಗ, ಮಗಳಿಗೆ ಆ ವಯಸ್ಸಿನ ಮಿತಿ ಇಲ್ಲ. ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೂ, ಸ್ವಂತ ದುಡಿಮೆಯಿಂದ ಬದುಕಲು ಆಗದಿದ್ದರೆ, ಷರತ್ತಿನ ಮೇಲೆ ಜೀವನಪೂರ್ತಿ ಕುಟುಂಬ ಪಿಂಚಣಿ ಇದೆ. ಬದುಕಿರುವಾಗಲೇ ಪಿಂಚಣಿ ದಾಖಲೆಯಲ್ಲಿ ಮಗುವಿನ ಹೆಸರು ಸೇರಿಸಿಟ್ಟರೆ ಆಮೇಲೆ ಉಳಿದವರಿಗೆ ಅಲೆದಾಟ ತಪ್ಪುತ್ತದೆ.

ಇನ್ನೊಂದು ವಿಷಯ ತುಂಬಾ ಜನರಿಗೆ ತಡವಾಗಿ ಗೊತ್ತಾಗುತ್ತದೆ. ಮಗನಿಗೆ 18 ತುಂಬಿದ ದಿನದಿಂದ ಕಾನೂನಿನ ಕಣ್ಣಲ್ಲಿ ಅವನು ವಯಸ್ಕ. ಅವನ ಪರವಾಗಿ ಬ್ಯಾಂಕಿನಲ್ಲಿ ಸಹಿ ಹಾಕಲು ಅಪ್ಪ ಅನ್ನುವ ಸಂಬಂಧ ಒಂದೇ ಸಾಲದು. ನ್ಯಾಷನಲ್ ಟ್ರಸ್ಟ್‌ನ ವ್ಯಾಪ್ತಿಗೆ ಬರುವ ಆ ನಾಲ್ಕು ವೈಕಲ್ಯಗಳಲ್ಲಿ ಜಿಲ್ಲಾಧಿಕಾರಿಯವರ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಟ್ಟು ಕಾನೂನುಬದ್ಧ ಪಾಲಕತ್ವ ಪಡೆಯಬಹುದು. ಕೋರ್ಟಿಗೆ ಹೋಗಬೇಕಿಲ್ಲ.

ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಅರ್ಜಿ ತುಂಬಿಸಲು ಅವರು ನೆರವಾಗುತ್ತಾರೆ. ಆರೈಕೆದಾರರ ಭತ್ಯೆಗೆ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಕೊಟ್ಟ ಪ್ರತಿ ಅರ್ಜಿಗೂ ಸ್ವೀಕೃತಿ ಪಡೆದು ಇಟ್ಟುಕೊಳ್ಳಿ. ತಿಂಗಳುಗಟ್ಟಲೆ ಉತ್ತರ ಬರದಿದ್ದರೆ ಆ ಚೀಟಿಯ ನಕಲು ಇಟ್ಟು ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಬರೆಯಬಹುದು. ಅದಕ್ಕೆ ವಕೀಲರು ಬೇಕಿಲ್ಲ.