ನೈಲಾನ್ ತಂತಿಯ ಗಿಟಾರಿನಲ್ಲಿ ಕ್ಲಾಸಿಕಲ್, ಫ್ಲಮೆಂಕೊ ಬಿಟ್ಟು ಇನ್ನೇನು ನುಡಿಸಬಹುದು?

ಓದುಗರ ಪ್ರಶ್ನೆ: ಮನೆಯಲ್ಲಿ ನೈಲಾನ್ ತಂತಿಯ ಗಿಟಾರ್ ಇದೆ. ಸ್ಟಾಫ್ ನೊಟೇಶನ್ (ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ) ಓದಲು ಬಾರದು, ಸ್ಪೇನಿನ ಫ್ಲಮೆಂಕೊ ಸಂಗೀತದ ವೇಗಕ್ಕೆ ಕೈ ಒಗ್ಗದು. ಹಾಡಿನ ಜೊತೆ ನುಡಿಸುವ ಆಸೆ. ಈ ಗಿಟಾರಿಗೆ ಬೇರೆ ಸಂಗೀತವೇ ಇಲ್ಲವೇ? ಸ್ಟೀಲ್ ತಂತಿ ಹಾಕಿಸಿಬಿಡಲೇ?

ಉತ್ತರ: ಸ್ಟೀಲ್ ತಂತಿ ಮಾತ್ರ ಬೇಡ. ಆರು ನೈಲಾನ್ ತಂತಿಗಳು ಸೇರಿ ಎಳೆಯುವ ಭಾರ ಸುಮಾರು 40 ಕಿಲೋ. ಸ್ಟೀಲ್ ತಂತಿಗಳದು 70 ಕಿಲೋ ಆಸುಪಾಸು. ನಿಮ್ಮ ಗಿಟಾರಿನ ಮೇಲ್ಹಲಗೆ ಅಷ್ಟು ಎಳೆತಕ್ಕೆಂದು ಮಾಡಿದ್ದಲ್ಲ. ಮೊದಲು ಹಲಗೆ ಉಬ್ಬುತ್ತದೆ, ಆಮೇಲೆ ತಂತಿಗಳನ್ನು ಕಟ್ಟಿರುವ ಬ್ರಿಡ್ಜ್ ಕಿತ್ತು ಬರುತ್ತದೆ.

ಬೇರೆ ಸಂಗೀತ ಧಾರಾಳವಾಗಿದೆ. ಬ್ರೆಜಿಲ್‌ನಲ್ಲಂತೂ ನೈಲಾನ್ ಗಿಟಾರಿಗೆ ‘ಕ್ಲಾಸಿಕಲ್’ ಎಂಬ ವಿಶೇಷಣವೇ ಬೇಕಿಲ್ಲ. ಅಲ್ಲಿ ಅದು ಬರಿಯ ‘ವಿಯೊಲಾಂವ್’, ಮನೆಮನೆಯ ವಾದ್ಯ. ‘ಗಿತಾರ್ರಾ’ ಎಂದರೆ ಎಲೆಕ್ಟ್ರಿಕ್ ಗಿಟಾರ್. ಹಾಡಿನ ಜೊತೆ ನುಡಿಸುವ ಆಸೆ ಇರುವವರು ಅಲ್ಲಿಂದ, ಅಂದರೆ ಬೋಸಾ ನೋವಾ ಎಂಬ ಬ್ರೆಜಿಲ್ ಶೈಲಿಯಿಂದ, ಶುರು ಮಾಡುವುದೇ ಸರಿ.

1958ರಲ್ಲಿ ಬಹಿಯಾ ಪ್ರಾಂತ್ಯದ ಜೊವಾಂವ್ ಜಿಲ್ಬೆರ್ಟೊ (1931–2019) ರಿಯೊ ಡಿ ಜನೈರೊದಲ್ಲಿ ಮಾಡಿದ ಧ್ವನಿಮುದ್ರಣಗಳಿಂದ ಈ ಶೈಲಿ ಲೋಕಕ್ಕೆ ಗೊತ್ತಾಯಿತು. ಅವರ ಕೌಶಲ ಇಷ್ಟು: ಬ್ರೆಜಿಲ್‌ನ ಕುಣಿತದ ಸಂಗೀತವಾದ ಸಾಂಬಾದ ಮೇಳವನ್ನೇ ಒಂದು ಬಲಗೈಗೆ ಇಳಿಸಿದರು. ಸುರ್ದು ಎಂಬ ದೊಡ್ಡ ಡೋಲಿನ ಕೆಲಸ ಹೆಬ್ಬೆರಳಿಗೆ, ತಂಬೊರಿಂ ಎಂಬ ಪುಟ್ಟ ಚರ್ಮವಾದ್ಯದ ಕೆಲಸ ಉಳಿದ ಮೂರು ಬೆರಳಿಗೆ. ಕಲಿಯಬೇಕಾದದ್ದು ಈ ಎರಡನ್ನೂ ಬೇರೆಬೇರೆಯಾಗಿ ನಡೆಸುವುದನ್ನು. ಕಷ್ಟವಿರುವುದೂ ಅಲ್ಲೇ.

ಸೊಲ್ಕಟ್ಟು ಕೇಳಿ ಬೆಳೆದವರಿಗೆ ಇದು ಸುಲಭವಾಗಿ ಹಿಡಿತಕ್ಕೆ ಸಿಗುತ್ತದೆ. 16 ಎಣಿಕೆಯ ಒಂದು ಸುತ್ತು ಇಟ್ಟುಕೊಳ್ಳಿ. ಬಾಯಲ್ಲಿ ಹೀಗೆ ಹೇಳಿ:

ತಕಿಟ ತಕಿಟ ತಕಧಿಮಿ ತಕಿಟ ತಕಿಟ

3+3+4+3+3. ಪ್ರತಿ ಸೊಲ್ಲಿನ ಮೊದಲ ‘ತ’ದ ಮೇಲೆ ಬೆರಳುಗಳು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ) ಮೀಟಬೇಕು: ಎಂದರೆ 1, 4, 7, 11, 14ನೇ ಎಣಿಕೆಗಳಲ್ಲಿ. ಹೆಬ್ಬೆರಳು ಇದಾವುದನ್ನೂ ಲೆಕ್ಕಿಸದೆ 1, 5, 9, 13ರಲ್ಲಿ ಮಂದ್ರದ ತಂತಿಯನ್ನು ನುಡಿಸುತ್ತಾ ಹೋಗಬೇಕು. ಇಡೀ ಸುತ್ತಿನಲ್ಲಿ ಎರಡೂ ಸೇರುವುದು 1ರಲ್ಲಿ, ಒಮ್ಮೆ ಮಾತ್ರ. ಆ ಸಂಗೀತ ನೆಲಕ್ಕೆ ತಾಗದೆ ತೇಲಿದಂತೆ ಕೇಳಿಸುವುದು ಇದರಿಂದಲೇ.

ಎಲ್ಲರೂ ಎಡವುವುದು 4–5ರಲ್ಲಿ ಮತ್ತು 13–14ರಲ್ಲಿ. ಬೆರಳು 4ರಲ್ಲಿ ಮೀಟಿದ ಕೂಡಲೇ ಹೆಬ್ಬೆರಳೂ ಅದರೊಟ್ಟಿಗೇ ಬಿದ್ದುಬಿಡುತ್ತದೆ. 13ರಲ್ಲಿ ಹೆಬ್ಬೆರಳು ಹೋದರೆ ಬೆರಳುಗಳೂ 14ರ ತನಕ ಕಾಯದೆ ಅದರ ಜೊತೆಗೇ ಜಾರುತ್ತವೆ. ಆದ್ದರಿಂದ ಮೊದಲು ಗಿಟಾರ್ ಮುಟ್ಟಬೇಡಿ. ಲಯಕ್ಕೆ ಟಿಕ್ ಟಿಕ್ ಎನ್ನುವ ಮೆಟ್ರೊನೋಮನ್ನು ನಿಮಿಷಕ್ಕೆ 40ಕ್ಕೆ ಇಟ್ಟು, ಪ್ರತಿ ಟಿಕ್‌ಗೆ ನಾಲ್ಕು ಎಣಿಕೆಯಂತೆ ಸೊಲ್ಲು ಹೇಳುತ್ತಾ, ಟಿಕ್ ಬಿದ್ದಾಗ ಹೆಬ್ಬೆರಳಿನಿಂದ ತೊಡೆ ತಟ್ಟಿ. ಬಾಯಿ ಒಂದು ಕಡೆ, ಹೆಬ್ಬೆರಳು ಒಂದು ಕಡೆ ನಿಂತ ಮೇಲೆ ಬೆರಳು ಸೇರಿಸಿ, ಆಮೇಲೆ ಗಿಟಾರ್ ಎತ್ತಿಕೊಳ್ಳಿ. ಹಾಡುವ ವೇಗ 60–70. ಅಲ್ಲಿಗೆ ತಲುಪಲು ಅವಸರ ಬೇಡ.

ಎಡಗೈಗೆ ನಾಲ್ಕು ಕಾರ್ಡ್ ಸಾಕು. ತೀರಾ ತೆಳ್ಳನೆಯದು ಒಂದನೇ ತಂತಿ, ದಪ್ಪನೆಯದು ಆರನೆಯದು ಎಂದಿಟ್ಟುಕೊಳ್ಳಿ. ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಗಳೇ ಫ್ರೆಟ್; ಗಿಟಾರಿನ ತಲೆಯ ಕಡೆಯಿಂದ ಎಣಿಸಿ. ಎ ಮೈನರ್ 7ಕ್ಕೆ ನಡುಬೆರಳು ಆರನೇ ತಂತಿಯ 5ನೇ ಫ್ರೆಟ್‌ನಲ್ಲಿ. ಉಂಗುರಬೆರಳು ಚಪ್ಪಟೆಯಾಗಿ ನಾಲ್ಕು, ಮೂರು, ಎರಡನೇ ತಂತಿಗಳ 5ನೇ ಫ್ರೆಟ್‌ನಲ್ಲಿ. ಡಿ9ಕ್ಕೆ ಉಂಗುರಬೆರಳನ್ನು ಎತ್ತಬೇಡಿ. ನಡುಬೆರಳನ್ನು ಐದನೇ ತಂತಿಯ 5ನೇ ಫ್ರೆಟ್‌ಗೆ ಸರಿಸಿ, ತೋರುಬೆರಳನ್ನು ನಾಲ್ಕನೇ ತಂತಿಯ 4ನೇ ಫ್ರೆಟ್‌ನಲ್ಲಿಡಿ, ಉಂಗುರಬೆರಳಿನ ಒತ್ತು ಮೂರು ಮತ್ತು ಎರಡನೇ ತಂತಿಯ ಮೇಲಿರಲಿ. ಜಿ ಮೇಜರ್ 7ಕ್ಕೆ ಆರನೇ ತಂತಿಯಲ್ಲಿ 3, ನಾಲ್ಕು ಮತ್ತು ಮೂರರಲ್ಲಿ 4, ಎರಡರಲ್ಲಿ 3. ಇ7ಕ್ಕೆ ಮೂರನೇ ತಂತಿಯ 1ನೇ ಫ್ರೆಟ್ ಮಾತ್ರ ಒತ್ತಿ. ಆರು, ನಾಲ್ಕು, ಎರಡು ತೆರೆದೇ ಇರಲಿ. ಒಂದೊಂದು ಕಾರ್ಡಿಗೆ ಒಂದು ಸುತ್ತು; ಇ7 ಮುಗಿದಾಗ ಅದು ತಾನಾಗಿಯೇ ಎ ಮೈನರ್ 7ಕ್ಕೆ ಕರೆತರುತ್ತದೆ.

ಬಲಗೈಯಲ್ಲಿ ನಾಲ್ಕನೇ ತಂತಿಗೆ ತೋರುಬೆರಳು, ಮೂರಕ್ಕೆ ನಡುಬೆರಳು, ಎರಡಕ್ಕೆ ಉಂಗುರಬೆರಳು. ಮೂರೂ ಒಂದೇ ಕ್ಷಣದಲ್ಲಿ ಮೀಟಬೇಕು. ಒಂದರ ಹಿಂದೊಂದು ಬಂದರೆ ತಂಬೊರಿಂ ಹೋಗಿ ವೀಣೆ ಮೀಟಿದಂತಾಗುತ್ತದೆ. ಒಂದನೇ ತಂತಿ ಮುಟ್ಟಬೇಡಿ. ಕಾರ್ಡ್ ತುಂಬ ಹೊತ್ತು ಗುಂಯ್‌ಗುಡುತ್ತಿದ್ದರೆ ಮುಂದಿನ ಪೆಟ್ಟಿಗೆ ತುಸು ಮೊದಲೇ ಬೆರಳುಗಳನ್ನು ತಂತಿಯ ಮೇಲೆ ಹಿಂದಿರುಗಿಸಿ ಸದ್ದು ಕಟ್ಟಿ. ಹೆಬ್ಬೆರಳಿನಲ್ಲಿ 1ಕ್ಕಿಂತ 5ಕ್ಕೆ, 9ಕ್ಕಿಂತ 13ಕ್ಕೆ ಒಂದಿಷ್ಟು ಹೆಚ್ಚು ತೂಕವಿರಲಿ, ಏಕೆಂದರೆ ಸುರ್ದು ಒತ್ತುವುದು ಎರಡನೇ ಪೆಟ್ಟನ್ನು. ಇದೊಂದನ್ನು ತಿದ್ದಿಕೊಂಡರೆ ಮಾರ್ಚ್ ಪಾಸ್ಟ್‌ನಂತಿದ್ದ ನುಡಿಸಾಣಿಕೆ ಸಾಂಬಾ ಆಗುತ್ತದೆ. ಕೈ ಹಿಡಿತಕ್ಕೆ ಬಂದ ಮೇಲೆ ಸೊಲ್ಲಿನ ಜಾಗ ಬದಲಿಸುತ್ತಾ ಹೋಗಿ. ಬ್ರೆಜಿಲ್‌ನವರು ಯಾರೂ ಒಂದೇ ಅಚ್ಚನ್ನು ಹಾಡಿಡೀ ನುಡಿಸುವುದಿಲ್ಲ. ಕೇಳಿ ಕಲಿಯಲು ಜಿಲ್ಬೆರ್ಟೊ ಅವರ 1973ರ ಆಲ್ಬಮ್ ಹಿಡಿಯಿರಿ. ಗಿಟಾರ್, ಕಂಠ ಮತ್ತು ಹಗುರ ತಾಳವಾದ್ಯ ಬಿಟ್ಟರೆ ಹೆಚ್ಚೇನೂ ಇಲ್ಲದ್ದರಿಂದ ಹೆಬ್ಬೆರಳು ಪ್ರತ್ಯೇಕವಾಗಿ ಕೇಳಿಸುತ್ತದೆ.

ಇದಕ್ಕಿಂತ ಸರಳವಾದದ್ದು ಬೇಕಿದ್ದರೆ ಅರ್ಜೆಂಟೀನಾದ ಮಿಲೊಂಗಾ ಶೈಲಿ. 8 ಎಣಿಕೆ, ತಕಿಟ ತಕಿಟ ತಕ. ಇಲ್ಲಿ ಹೆಬ್ಬೆರಳೇ ‘ತ’ಗಳ ಮೇಲೆ ಬೀಳುತ್ತದೆ, ಉಳಿದ ಎಣಿಕೆಗಳನ್ನು ತೋರುಬೆರಳು, ನಡುಬೆರಳು ತುಂಬುತ್ತವೆ. ಎ ಮೈನರ್ ಮತ್ತು ಇ7 ಎರಡರಲ್ಲೇ ಒಂದು ಸಂಜೆ ಕಳೆಯಬಹುದು. ಅತಾವಾಲ್ಪಾ ಯುಪಾಂಕಿ (1908–1992) ನುಡಿಸಿದ್ದನ್ನು ಕೇಳಿ. ಅಷ್ಟು ಕಡಿಮೆ ಸ್ವರಗಳಲ್ಲಿ ಅಷ್ಟು ದೊಡ್ಡ ಬಯಲನ್ನು ತೋರಿಸಿದವರು ವಿರಳ.

ಲ್ಯಾಟಿನ್ ಅಮೆರಿಕದ ಪ್ರೇಮಗೀತೆಗಳಾದ ಬೊಲೆರೊ ಹಾಡುಗಳಲ್ಲಿ ಮೇಲುಸ್ಥಾಯಿಯಲ್ಲಿ ಮಿನುಗುವ ಗಿಟಾರ್ ಕೇಳಿದ್ದರೆ ಅದು ರೆಕಿಂತೊ ಎಂಬ ಚಿಕ್ಕ ಗಿಟಾರ್. 1944ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಲೋಸ್ ಪಾಂಚೋಸ್ ತಂಡದ ಆಲ್ಫ್ರೆಡೊ ಹಿಲ್ ಅದನ್ನು ಜನಪ್ರಿಯ ಮಾಡಿದರು. ಅದರ ಶ್ರುತಿ ಸಾಮಾನ್ಯ ಗಿಟಾರಿಗಿಂತ ಮಧ್ಯಮದಷ್ಟು ಮೇಲೆ, ಹಾಗಾಗಿ ನಿಮ್ಮ ಗಿಟಾರಿನ 5ನೇ ಫ್ರೆಟ್‌ಗೆ ಕೇಪೊ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್) ಹಾಕಿದರೆ ಅದೇ ಶ್ರುತಿ ಸಿಗುತ್ತದೆ. ಕೇಪೊ ಕೊಳ್ಳುವಾಗ ನೇರ ಪಟ್ಟಿಯದನ್ನೇ ಕೇಳಿ. ಸ್ಟೀಲ್ ಗಿಟಾರಿನ ಕೇಪೊ ತುಸು ಬಾಗಿರುತ್ತದೆ. ನಿಮ್ಮ ಗಿಟಾರಿನ ಚಪ್ಪಟೆ, ಅಗಲ ಕುತ್ತಿಗೆಯ ಮೇಲೆ ಅದು ಎಲ್ಲ ತಂತಿಗಳನ್ನೂ ಸರಿಸಮ ಒತ್ತದೆ ಒಂದೆರಡು ತಂತಿ ‘ಟಪ್’ ಎನ್ನುತ್ತವೆ.

ಪ್ಲೆಕ್ಟ್ರಮ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಹಿಡಿದು ನುಡಿಸಬಾರದೆಂದೇನಿಲ್ಲ. ಅಮೆರಿಕದ ಕಂಟ್ರಿ ಗಾಯಕ ವಿಲ್ಲಿ ನೆಲ್ಸನ್ 1969ರಿಂದ ಮಾರ್ಟಿನ್ ಕಂಪನಿಯ ಎನ್-20 ಎಂಬ ನೈಲಾನ್ ಗಿಟಾರನ್ನೇ ಹಾಗೆ ನುಡಿಸುತ್ತಾ ಬಂದಿದ್ದಾರೆ. ಅದರ ಮೇಲ್ಹಲಗೆ ಸವೆದು ತೂತೇ ಬಿದ್ದಿದೆ. ಇಂಥ ಗಿಟಾರುಗಳಿಗೆ ಹಲಗೆಯನ್ನು ಗೀರಿನಿಂದ ಕಾಯುವ ಪಿಕ್‌ಗಾರ್ಡ್ ಇರುವುದಿಲ್ಲ, ಹಾಗಾಗಿ ಸುಲಭವಾಗಿ ಕಿತ್ತು ಬರುವ ತೆಳು ಪಾರದರ್ಶಕ ಪಿಕ್‌ಗಾರ್ಡ್ ಅಂಟಿಸಿಕೊಳ್ಳಿ.

ನಮ್ಮ ರಾಗಗಳನ್ನು ಇದರಲ್ಲಿ ಪ್ರಯತ್ನಿಸುವವರಿಗೆ ಒಂದು ಮಾತು. ತಂತಿಯನ್ನು ಅಡ್ಡಕ್ಕೆ ಎಳೆದು ಗಮಕ ತರಲು ಹೋದರೆ ಸ್ವರ ಹೆಚ್ಚು ಏರುವುದಿಲ್ಲ. ಸ್ಟೀಲಿನಷ್ಟು ಬಿಗಿಯಲ್ಲದ ನೈಲಾನ್ ಹಿಗ್ಗಿಕೊಳ್ಳುತ್ತದೆ. ಎಳೆಯುವ ಬದಲು ಜಾರು ಹಿಡಿಯಿರಿ. ಅಲ್ಲೂ ಫ್ರೆಟ್‌ಗಳ ಮೆಟ್ಟಿಲು ಕೇಳಿಸುತ್ತದೆ, ಆದರೆ ಮೂರನೇ ತಂತಿಯಲ್ಲಿ ಹಗುರವಾಗಿ ಜಾರಿದರೆ ಅದು ಅಷ್ಟಾಗಿ ಕಿವಿಗೆ ಬೀಳದು.

ವೇದಿಕೆ ಏರುವ ಆಸೆ ಇದ್ದರೆ ತಂತಿಯ ನಾದವನ್ನು ಸ್ಪೀಕರಿಗೆ ಒಯ್ಯುವ ಪಿಕಪ್ ಬೇಕಾಗುತ್ತದೆ; ಆದರೆ ಎಲೆಕ್ಟ್ರಿಕ್ ಗಿಟಾರಿನ ಅಯಸ್ಕಾಂತದ ಪಿಕಪ್ ಕೊಳ್ಳಬೇಡಿ. ನೈಲಾನ್ ಅಯಸ್ಕಾಂತಕ್ಕೆ ಸ್ಪಂದಿಸದು, ಮಂದ್ರದ ತಂತಿಗೆ ಸುತ್ತಿರುವ ತಾಮ್ರವೂ ಅಷ್ಟೆ; ಸದ್ದೇ ಬರುವುದಿಲ್ಲ. ಬ್ರಿಡ್ಜ್ ಮೇಲೆ ತಂತಿಗಳನ್ನು ಹೊರುವ ಪಟ್ಟಿಯಾದ ಸ್ಯಾಡಲ್ ಕೆಳಗೆ ಕೂತು ಕಂಪನವನ್ನು ಹಿಡಿಯುವ ಪೀಜೊ ಪಿಕಪ್ ಬೇಕು, ಅಥವಾ ಗಿಟಾರಿನ ಕುತ್ತಿಗೆ ಒಡಲನ್ನು ಸೇರುವ ಜಾಗಕ್ಕೆ ಎದುರಾಗಿ ಒಂದಡಿ ದೂರದಲ್ಲಿ ಮೈಕ್ ಇಡಿ. ಗಿಟಾರಿನ ನಡುವಿನ ದುಂಡು ತೂತಿನ ಎದುರಿಗೇ ಇಟ್ಟರೆ ಹೆಬ್ಬೆರಳಿನ ಮಂದ್ರ ಗುಂಯ್‌ಗುಟ್ಟಿ, ಬೆರಳುಗಳ ತಕಿಟ ಮುಚ್ಚಿಹೋಗುತ್ತದೆ.