ಯೂರಿಕ್ ಆಸಿಡ್ ಅಂಕಿಯೂ ಕೀಲಿನೊಳಗಿನ ಹರಳೂ

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ಕಾಲಿನ ಹೆಬ್ಬೆರಳೋ ಮಂಡಿಯೋ ಊದಿಕೊಂಡ ಅನೇಕರು ವೈದ್ಯರನ್ನು ಕಾಣುವ ಮೊದಲೇ ಯೂರಿಕ್ ಆಸಿಡ್ ಪರೀಕ್ಷೆ ಮಾಡಿಸಿಕೊಂಡಿರುತ್ತಾರೆ. ಅಂಕಿ (ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) ಏಳು ದಾಟಿದ್ದರೆ ತಾರ್ಲೆ, ಬಂಗಡೆ, ಬಳಚು ಊಟದಿಂದ ಮಾಯವಾಗುತ್ತವೆ. ಘಟ್ಟದ ಮೇಲೆ, ಶಿರಸಿಯ ಸಸ್ಯಾಹಾರಿ ಮನೆಗಳಲ್ಲಿ, ದೂರಲು ಮೀನಿಲ್ಲದ ಕಾರಣ ತೊಗರಿಬೇಳೆ ಮತ್ತು ಪಾಲಕ್ ಮೇಲೆ ಗುಮಾನಿ ಬೀಳುತ್ತದೆ. ಅಂಕಿ ಕಡಿಮೆಯಿದ್ದರೆ ಗೌಟ್, ಅಂದರೆ ಯೂರಿಕ್ ಆಸಿಡ್‌ನ ಹರಳು ಕೀಲಿನಲ್ಲಿ ಕೂತು ಬರುವ ಊತ-ನೋವು, ಇಲ್ಲವೆಂದೇ ತೀರ್ಮಾನ. ಎರಡೂ ತೀರ್ಮಾನಗಳು ತಪ್ಪಿರಬಹುದು ಎಂಬುದು ವೈದ್ಯಶಾಸ್ತ್ರಕ್ಕೆ ತಿಳಿದು ದಶಕಗಳೇ ಆಗಿವೆ.

ಪ್ರಾಚೀನ ಗ್ರೀಸಿನ ವೈದ್ಯ ಹಿಪೊಕ್ರಟಿಸ್ ಹೆಬ್ಬೆರಳಿನ ಈ ನೋವನ್ನು ವರ್ಣಿಸಿದ್ದಾನೆ. ಚರಕಸಂಹಿತೆಯಲ್ಲಿ ಇದನ್ನು ಬಹುಮಟ್ಟಿಗೆ ಹೋಲುವ ವಾತರಕ್ತಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ. 1776ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಶೀಲೆ ಮೂತ್ರಕೋಶದ ಕಲ್ಲಿನಲ್ಲಿ ಯೂರಿಕ್ ಆಮ್ಲವನ್ನು ಕಂಡುಹಿಡಿದನು, 1848ರಲ್ಲಿ ಇಂಗ್ಲೆಂಡಿನ ವೈದ್ಯ ಗ್ಯಾರಡ್ ಗೌಟ್ ರೋಗಿಗಳ ರಕ್ತದಲ್ಲಿ ಅದು ಹೆಚ್ಚಿರುವುದನ್ನು ತೋರಿಸಿದನು. ಅಂಕಿಯ ಮೇಲಿನ ನಮ್ಮ ನಂಬಿಕೆ ಇಲ್ಲಿಂದ ಶುರುವಾಗುತ್ತದೆ.

ನಿಜವಾದ ತಿರುವು ಬಂದದ್ದು 1961ರಲ್ಲಿ. ಅಮೆರಿಕದ ವೈದ್ಯರಾದ ಮೆಕಾರ್ಟಿ ಮತ್ತು ಹಾಲಂಡರ್ ಊದಿದ ಕೀಲಿಗೆ ಸೂಜಿ ಚುಚ್ಚಿ ತೆಗೆದ ನೀರನ್ನು ಧ್ರುವೀಕೃತ (ಒಂದೇ ದಿಕ್ಕಿನಲ್ಲಿ ಕಂಪಿಸುವ) ಬೆಳಕಿನ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಆ ನೀರು ಆರೋಗ್ಯವಂತ ಕೀಲಿನ ನೀರಿನಂತೆ ತಿಳಿಯಾಗಿರುವುದಿಲ್ಲ, ಹಳದಿ ಮಿಶ್ರಿತ ಮಬ್ಬು ಇರುತ್ತದೆ. ಗಾಜಿನ ಮೇಲೆ ಒಂದು ಹನಿ ಹಾಕಿ ಬಣ್ಣ ತೋರಿಸುವ ಫಿಲ್ಟರ್ ಸೇರಿಸಿದರೆ, ಬಿಳಿ ರಕ್ತಕಣಗಳ ಒಳಗೇ ಸಿಕ್ಕಿಕೊಂಡ ಸೂಜಿಯಂಥ ಯೂರೇಟ್ (ಯೂರಿಕ್ ಆಮ್ಲದ ಲವಣ) ಹರಳುಗಳು ಫಿಲ್ಟರಿನ ಅಕ್ಷಕ್ಕೆ ಸಮಾನಾಂತರವಾಗಿ ಮಲಗಿದಾಗ ಹಳದಿಯಾಗಿಯೂ ಅಡ್ಡಲಾಗಿ ಮಲಗಿದಾಗ ನೀಲಿಯಾಗಿಯೂ ಹೊಳೆಯುತ್ತವೆ. ಮರುವರ್ಷವೇ ಇನ್ನೊಂದು ಸಂಗತಿ ಹೊರಬಂತು. ಗೌಟ್‌ನಂತೆಯೇ ಕಾಣುವ ಕೆಲವರ ಮಂಡಿಯಲ್ಲಿ ಇದ್ದದ್ದು ಯೂರೇಟ್ ಅಲ್ಲ, ಕ್ಯಾಲ್ಸಿಯಂ ಪೈರೋಫಾಸ್ಫೇಟ್. ಆ ಹರಳುಗಳು ಮೊಂಡು, ಹೊಳಪು ಮಂದ, ಬಣ್ಣದ ಕ್ರಮ ತಿರುವುಮುರುವು. ಇದಕ್ಕೆ ಸ್ಯೂಡೋಗೌಟ್, ಅಂದರೆ ಹುಸಿ ಗೌಟ್, ಎಂಬ ಹೆಸರು ಬಿತ್ತು.

ಅಂದರೆ ರೋಗವನ್ನು ಖಚಿತಪಡಿಸುವುದು ರಕ್ತವಲ್ಲ, ಕೀಲಿನ ನೀರು. ನೋವು ಉಲ್ಬಣಿಸಿದ ದಿನಗಳಲ್ಲಿ ರಕ್ತದ ಯೂರಿಕ್ ಆಸಿಡ್ ಸಹಜ ಮಟ್ಟಕ್ಕೆ ಇಳಿದಿರಲೂಬಹುದು. ಅಂಕಿ ಹೆಚ್ಚಿರುವ ಬಹಳಷ್ಟು ಮಂದಿಗೆ ಜೀವಮಾನದಲ್ಲಿ ಒಮ್ಮೆಯೂ ಗೌಟ್ ಬರುವುದಿಲ್ಲ. ಆದರೆ ರಕ್ತಪರೀಕ್ಷೆ ಅಗ್ಗ, ಪೇಟೆಪೇಟೆಯಲ್ಲೂ ಲಭ್ಯ. ಧ್ರುವೀಕೃತ ಸೂಕ್ಷ್ಮದರ್ಶಕ ತಾಲ್ಲೂಕು ಮಟ್ಟದಲ್ಲಿ ಅಪರೂಪ, ಹರಳನ್ನು ಗುರುತಿಸುವ ಪಳಗಿದ ಕಣ್ಣು ಅದಕ್ಕಿಂತಲೂ ಅಪರೂಪ. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಶುರುವಾದದ್ದೇ 2016ರಲ್ಲಿ. ತಜ್ಞರ ಸಲಹೆಗೆಂದು ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಹೊರಡುವುದು ಜಿಲ್ಲೆಯವರಿಗೆ ಹೊಸತೇನಲ್ಲ. ಇದರ ನಡುವೆ 2006ರಲ್ಲಿ ರಾಜ್ಯವನ್ನು ಕಾಡಿದ ಚಿಕೂನ್‌ಗುನ್ಯ ತಿಂಗಳುಗಟ್ಟಲೆ ಉಳಿಯುವ ಗಂಟುನೋವನ್ನು ಬಿಟ್ಟುಹೋಯಿತು. ಆಮೇಲೆ ಯಾವ ಗಂಟು ಊದಿದರೂ ಹಳೆಯ ಜ್ವರದ ಶೇಷವೆಂದು ಸುಮ್ಮನಾಗುವ ರೂಢಿಯೂ ಸೇರಿಕೊಂಡಿತು.

ಔಷಧದ ಕಥೆ ಇಷ್ಟು ಜಟಿಲವಲ್ಲ, ಬಳಕೆ ಮಾತ್ರ ಜಟಿಲ. ಉರಿಯೂತ ತಗ್ಗಿಸುವ ಕಾಲ್ಚಿಸಿನ್ 1820ರಲ್ಲೇ ಬೇರ್ಪಟ್ಟಿತ್ತು. ನಮ್ಮ ಬೇಲಿಗಳಲ್ಲಿ ಮಳೆಗಾಲಕ್ಕೆ ಅರಳುವ ಗೌರಿಹೂವಿನ ಗಡ್ಡೆಯಲ್ಲೂ ಅದೇ ಇದೆ, ಪ್ರಾಣ ತೆಗೆಯುವಷ್ಟು. ಮನೆಮದ್ದಿಗೆ ಅದನ್ನು ಮುಟ್ಟಬಾರದು. ಯೂರಿಕ್ ಆಸಿಡ್ ಇಳಿಸುವ ಅಲೋಪ್ಯುರಿನಾಲ್ 1966ರಿಂದ ಬಳಕೆಯಲ್ಲಿದೆ. ಸಾಮಾನ್ಯವಾಗಿ 100 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಯಿಂದ ಆರಂಭಿಸಿ, ರಕ್ತದ ಮಟ್ಟ ಡೆಸಿಲೀಟರಿಗೆ 6 ಮಿಲಿಗ್ರಾಂಗಿಂತ ಕೆಳಗಿಳಿಯುವವರೆಗೆ ಹಂತಹಂತವಾಗಿ ಏರಿಸಬೇಕು. ಹಳೆಯ ಹರಳುಗಳು ಕರಗತೊಡಗಿದಾಗ ನೋವು ಮರುಕಳಿಸುವುದರಿಂದ ಮೊದಲ ಮೂರರಿಂದ ಆರು ತಿಂಗಳು ಕಡಿಮೆ ಪ್ರಮಾಣದ ಕಾಲ್ಚಿಸಿನ್ ಜೊತೆಗಿರಬೇಕು. ಈ ಮಾತನ್ನು ಯಾರೂ ಹೇಳದಿದ್ದರೆ, ರೋಗಿ ‘ಈ ಮಾತ್ರೆ ನನಗೆ ಆಗಿಬರುವುದಿಲ್ಲ’ ಎಂದು ಎರಡನೇ ವಾರಕ್ಕೇ ಬಿಟ್ಟು ಪೇನ್‌ಕಿಲ್ಲರ್‌ಗೆ ಮರಳುತ್ತಾನೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಮೈಮೇಲೆ ದದ್ದು ಎದ್ದರೆ ಮಾತ್ರ ಅಲೋಪ್ಯುರಿನಾಲನ್ನು ಆ ಕ್ಷಣವೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಇನ್ನು ಪಥ್ಯ. 2004ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಮಾಂಸ ಮತ್ತು ಸಮುದ್ರಾಹಾರಗಳಿಗೆ ಗೌಟ್ ನಂಟನ್ನು ಕಂಡಿತು, ಪ್ಯೂರಿನ್ (ದೇಹದಲ್ಲಿ ಯೂರಿಕ್ ಆಸಿಡ್ ಆಗುವ ಅಂಶ) ಇರುವ ತರಕಾರಿಗಳಿಗೆ ಕಾಣಲಿಲ್ಲ. ಬಿಯರ್ ಬಿಡುವುದರಿಂದ ಲಾಭವುಂಟು, ಬೇಳೆಸಾರು ಬಿಟ್ಟವರಿಗೆ ಸಿಗುವುದು ಹೆಚ್ಚಾಗಿ ಬೇಸರವೇ. ಬಹುಪಾಲು ರೋಗಿಗಳಲ್ಲಿ ಮೂಲ ತೊಡಕು ಮೂತ್ರಪಿಂಡ ಯೂರೇಟನ್ನು ಸಾಕಷ್ಟು ಹೊರಹಾಕದಿರುವುದು. ರಕ್ತದೊತ್ತಡಕ್ಕೆ ನುಂಗುವ ಕೆಲವು ಮೂತ್ರವರ್ಧಕ ಮಾತ್ರೆಗಳೂ ಅದಕ್ಕೆ ಕೈಜೋಡಿಸುತ್ತವೆ.

ವಯಸ್ಸಾದವರ ಸ್ಯೂಡೋಗೌಟ್‌ಗೆ ಯೂರಿಕ್ ಆಸಿಡ್ ಇಳಿಸುವ ಮಾತ್ರೆಯಾಗಲಿ ಈ ಪಥ್ಯವಾಗಲಿ ಅನ್ವಯಿಸುವುದಿಲ್ಲ. ಎಕ್ಸ್‌ರೇಯಲ್ಲಿ ಮಂಡಿಯ ಮೃದ್ವಸ್ಥಿಯ ಉದ್ದಕ್ಕೂ ಬಿಳಿ ಗೆರೆ ಕಂಡರೆ ಸುಳಿವು ಸಿಗುತ್ತದೆ, ಆದರೆ ಆ ಹರಳನ್ನು ಕರಗಿಸುವ ಔಷಧ ಇನ್ನೂ ಇಲ್ಲ; ಕೀಲಿನ ನೀರು ತೆಗೆದು ಸ್ಟೆರಾಯ್ಡ್ ಚುಚ್ಚುವುದು, ಕಾಲ್ಚಿಸಿನ್ ಕೊಡುವುದು, ಇಷ್ಟೇ. ಮಂಡಿ ಊದಿ ಜ್ವರವೂ ಬಂದಾಗ ಆ ನೀರನ್ನು ಸೋಂಕಿನ ಸೂಕ್ಷ್ಮಜೀವಿ ಬೆಳೆಸಿ ನೋಡುವ ಕಲ್ಚರ್‌ಗೂ ಕಳುಹಿಸಲೇಬೇಕು, ಏಕೆಂದರೆ ಹರಳು ಸಿಕ್ಕಿದ ಕೀಲಿನಲ್ಲೂ ಕೀವು ಇರಬಹುದು, ಮತ್ತು ಕೀವು ತುಂಬಿದ ಕೀಲು ಕೆಲವೇ ದಿನಗಳಲ್ಲಿ ಹಾಳಾಗುತ್ತದೆ.